ಅಕ್ಕ ಆರಿಸಿಕೊಟ್ಟ ಅವರೆಕಾಳು

"ಹಂಗಳದ ಅವರೆಯಲ್ಲಿ ತಳಿ ವೈವಿಧ್ಯವೇ ಇಲ್ಲ!"

ಹೋದ ವಾರ ಚಾಮರಾಜನಗರದ ಒಂದು ಸೆಮಿನಾರಿನಲ್ಲಿ ಯುವ ವಿಜ್ಞಾನಿಯೊಬ್ಬರು ಹೀಗೆಂದಾಗ ಕುಡಿಯುತ್ತಿದ್ದ ಕಾಫಿ ನೆತ್ತಿಗೆ ಹತ್ತಿತು. ಹಂಗಳದಲ್ಲಿ ಅವರೆ ಬೆಳೆಯುವವಳು ನನ್ನ ಸ್ವಂತ ಅಕ್ಕ. ಅವಳ ರಾಗಿ ಹೊಲದಲ್ಲಿ ನಡುನಡುವೆ ಬಿತ್ತುವ ಅಕ್ಕಡಿ ಸಾಲಿನಲ್ಲಿ ಬಿಳಿ, ಕಂದು, ಕರಿ, ಚುಕ್ಕೆ ಎಲ್ಲ ಬಗೆಯ ಅವರೆಯೂ ಒಟ್ಟಿಗೇ ಹಬ್ಬುತ್ತದೆ.

ಪರದೆಯ ಮೇಲೆ ಸ್ಲೈಡು. ಜೀಪಿನಲ್ಲಿ ಹಂಗಳಕ್ಕೆ ಹೋಗಿ ತಂದ ಬೀಜ ಮೊಳೆಸಿ, ಎಲೆ ಅರೆದು, ಡಿ.ಎನ್.ಎ. ತೆಗೆದು ಮಾಡಿದ ಪಟ್ಟೆ ಪಟ್ಟೆ ಚಿತ್ರ. (ಗಿಡಗಳು ಬೇರೆ ಬೇರೆಯಾದರೆ ಪಟ್ಟೆಗಳೂ ಬೇರೆ ಬೀಳಬೇಕಂತೆ.) ಇಲ್ಲಿ ಎಲ್ಲವೂ ಒಂದೇ ಸಮ. "ಈ ಬೀಜ ಕಾದಿಡುವ ಅಗತ್ಯವಿಲ್ಲ. ರೈತರಿಗೆ ಹೊಸ ತಳಿ ಕೊಡಬಹುದು" ಎಂದರು. ಚಪ್ಪಾಳೆ ಬೇರೆ!

ಮೈಯೆಲ್ಲ ಉರಿದುಹೋಯಿತು. ಗುಂಡ್ಲುಪೇಟೆಯಲ್ಲಿ ಬಸ್ ಬದಲಿಸಿ ಹಂಗಳಕ್ಕೆ ಹೋದೆ.

"ಜೀಪಿನವರಿಗೆ ಯಾವ ಬೀಜ ಕೊಟ್ಟೆ ಅಕ್ಕ?"

"ಯಾವ್ದು ಅಂದ್ರೆ? ಮನೆ ಬಾಗ್ಲಿಗೆ ಬಂದು ಕೇಳೋರ್ಗೆ ಕರೀವು, ಚುಕ್ಕೇವು ಬೆರಕೆ ಮಾಡಿ ಕೊಡಕಾದದಾ? ಮೊರದಲ್ಲಿ ಆರ್ಸಿ, ಒಂದೇ ತರದ ಬಿಳೀ ಕಾಳು ಕೊಟ್ಟೆ ಕಣ್ಲಾ. ಅಕ್ಕಪಕ್ಕದವ್ರೂ ಅಂಗೇ ಮಾಡುದ್ರು."

ನೋಡಿದಿರಾ? ಊರಿಗೆ ಊರೇ ಮರ್ಯಾದೆಗೆಂದು ಕಾಳು ಆರಿಸಿದೆ. ಮೆಷಿನ್ ಸುಳ್ಳು ಹೇಳಿಲ್ಲ, ಕೊಟ್ಟಿದ್ದನ್ನು ಓದಿದೆ. ಆದರೆ ಜೀಪಿನಲ್ಲಿ ಬಂದವರಿಗೆ ಬಾಯಿ ಇರಲಿಲ್ಲವೇ? "ಅಮ್ಮ, ಇಷ್ಟೇನಾ?" ಎಂದು ಕೇಳುವುದಕ್ಕೆ ಯಾವ ಡಿಗ್ರಿ ಬೇಕು? ಒಮ್ಮೆ ಹೊಲಕ್ಕಿಳಿದಿದ್ದರೆ ಪ್ಯಾಂಟಿಗೆ ಮಣ್ಣಾಗುತ್ತಿತ್ತೇ? ಹತ್ತಾರು ತಲೆಮಾರಿನ ಬೀಜದ ಹಣೆಬರಹವನ್ನು ಜಗುಲಿ ಮೇಲೆ ಕೂತು ಟೀ ಕುಡಿಯುತ್ತಾ ಬರೆದುಬಿಟ್ಟರಲ್ಲ!

ಅಕ್ಕನ ಮಾತು ಕೇಳಿ ಇನ್ನೂ ರೇಗಿತು. "ಈ ಸಲ ಪುಕ್ಸಟ್ಟೆ ಬೀಜ ಕೊಡ್ತರಂತೆ. ಊರೆಲ್ಲ ಅದ್ನೇ ಬಿತ್ತದಂತೆ. ನಮ್ಮವು ಒಂದೇ ತರ ಅಂತ ಓದಿದವ್ರೇ ಏಳವ್ರೆ, ಬುಡು."

ಕರಿ, ಚುಕ್ಕೆ ಕಾಳೆಲ್ಲ ಮಡಕೆಯಲ್ಲಿವೆ. ಈ ವರ್ಷ ಮಣ್ಣಿಗೆ ಬೀಳದಿದ್ದರೆ ಅವುಗಳ ಕಥೆ ಮುಗಿಯಿತು.

ಒಂದು ಬೊಗಸೆ ಕರ್ಚೀಫಿನಲ್ಲಿ ಕಟ್ಟಿಕೊಂಡು ಮರುದಿನವೇ ಚಾಮರಾಜನಗರಕ್ಕೆ ವಾಪಸ್ ಬಂದೆ. ಇನ್ನೂ ಲಾಡ್ಜಿನಲ್ಲೇ ಇದ್ದ ವಿಜ್ಞಾನಿಯ ಟೇಬಲ್ ಮೇಲೆ ಸುರಿದೆ. ಅವರ ಮುಖ ಸಪ್ಪಗಾಯಿತು. ತಪ್ಪಾಗಿದೆ ಎಂದು ಒಪ್ಪಿಕೊಂಡರು. ಆಮೇಲೆ ಹೇಳಿದ್ದು ಕೇಳಿ: "ರಿಪೋರ್ಟ್ ಹೋಗಿಬಿಟ್ಟಿದೆ ಸಾರ್. ಮುಂದಿನ ಪ್ರಾಜೆಕ್ಟ್ ಬಂದಾಗ ನೋಡೋಣ."

ಅಲ್ಲಿಯವರೆಗೆ ಮಡಕೆ ಹತ್ತಿರ ಸುಳಿಯಬೇಡಿ ಅಂತ ಹುಳುಗಳಿಗೆ ಯಾರು ಹೇಳುತ್ತಾರೆ, ಸ್ವಾಮಿ?