ಕುಣಿಕೆ ಇಲ್ಲದ ಕವಣೆ

ನಮ್ಮ ಮನೆಯ ಹಾಲ್‌ನ ಗೋಡೆಯಲ್ಲಿ ಒಂದು ಗುಳಿ ಬಿದ್ದಿದೆ. ನಿಂಬೆಹಣ್ಣು ಕೂರುವಷ್ಟು. ಅದರಿಂದ ಒಂದು ಗೇಣು ಕೆಳಗೆ, ಹೋದ ಶನಿವಾರ ಮಧ್ಯಾಹ್ನ, ನಾಲ್ಕು ತಿಂಗಳ ಕೂಸಿನ ತಲೆ ಇತ್ತು.

ಕೂಸು ಚೆನ್ನಾಗಿದೆ. ಮೊದಲೇ ಹೇಳಿಬಿಡುತ್ತೇನೆ, ನೀವು ಗಾಬರಿಯಾಗಬೇಡಿ. ನಾನು ಆಗಿರುವುದೇ ಸಾಕು. ಆರು ದಿನದಿಂದ ಆ ಗೋಡೆಯ ಮುಂದೆ ಹೋದಾಗಲೆಲ್ಲ ಕೈ ತಾನಾಗಿ ಮೇಲೆದ್ದು ಗೇಣು ಹಾಕಿ ಅಳೆಯುತ್ತದೆ. ಪ್ರತಿ ಸಲವೂ ಒಂದೇ ಗೇಣು. ಬೇರೆ ಲೆಕ್ಕ ಬರಲಿ ಎಂದು ಕಾಯುತ್ತಿದ್ದೇನೆಯೇ? ಗೊತ್ತಿಲ್ಲ.

ಅಸಲಿಗೆ ಈ ವಾರ ಈ ಅಂಕಣಕ್ಕೆ ನಾನು ಬರೆಯಬೇಕಿದ್ದದ್ದು ಒಂದು ವಿಡಿಯೊ ಗೇಮ್‌ನ ವಿಮರ್ಶೆ.

"ಮೇಡಂ, ರಜೆ ಬಂತು. ಎಲ್ಲರ ಮನೆಯಲ್ಲೂ ಮಕ್ಕಳು ಟಿವಿ ಮುಂದೆ. ಒಂದು ಗೇಮ್ ಆಡಿ ನೋಡಿ ಬರೀರಿ. ಕೊನೆಗೆ ಐದಕ್ಕೆ ಎಷ್ಟು ಸ್ಟಾರ್ ಅಂತ ಹಾಕ್ರಿ" ಎಂದಿದ್ದರು ಸಂಪಾದಕರು. ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗಿ ತನ್ನ ಗೇಮ್ ಸೆಟ್ಟನ್ನು ಡಬ್ಬಿ ಸಮೇತ ತಂದುಕೊಟ್ಟಳು. ಆಟದ ಹೆಸರು ಬರೆಯುವುದಿಲ್ಲ. ತಪ್ಪು ಆಟದ್ದಲ್ಲ, ಅದಕ್ಕೆ.

ಕಥೆ ಸರಳ. ಕಲ್ಲಿನ ರಕ್ಕಸನೊಬ್ಬ ಒಂದು ರಾಜ್ಯದ ನದಿಯನ್ನು ನುಂಗಿ ಕೂತಿದ್ದಾನೆ. ಒಬ್ಬ ಹುಡುಗಿ ಕಾಡು, ಕೋಟೆ, ಸುರಂಗ ದಾಟಿ ಹೋಗಿ ಅದನ್ನು ಬಿಡಿಸಿ ತರಬೇಕು. ವಿಶೇಷ ಏನೆಂದರೆ ಇದು ಬಟನ್ ಒತ್ತುತ್ತ ಕೂರುವ ಆಟವಲ್ಲ. ಕೈಯಲ್ಲಿ ಹಿಡಿಯುವ ಗಿಡ್ಡ ಕೋಲಿನಂಥ ಕಂಟ್ರೋಲರ್ ಇದೆ. ನಾವು ಕೈ ಬೀಸಿದರೆ ಪರದೆಯ ಹುಡುಗಿ ಕತ್ತಿ ಬೀಸುತ್ತಾಳೆ. ಹಿಂದಕ್ಕೆ ಎಳೆದರೆ ಬಿಲ್ಲು ಬಾಗುತ್ತದೆ. ಒಂದಾದ ಮೇಲೊಂದು ಕೈ ಮೇಲೆತ್ತಿದರೆ ಬಂಡೆ ಹತ್ತುತ್ತಾಳೆ. (ಬಂಡೆ ಹತ್ತಲು ನಮ್ಮ ಚಿತ್ರದುರ್ಗದವರಿಗೆ ಟ್ಯುಟೋರಿಯಲ್ ಬೇರೆ!) ತಲೆಯ ಮೇಲೆ ಗಿರಗಿರನೆ ತಿರುಗಿಸಿದರೆ ಕವಣೆ.

ಮೂರು ದಿನ ಆಡಿದೆ. ಭುಜ ನೋಯಿತು, ಖುಷಿಯೂ ಆಯಿತು. ನದಿ ನುಂಗಿದವನ ಹೊಟ್ಟೆಯೊಳಗಿಂದ ನೀರಿನ ಸದ್ದು ಕೇಳಿಸುತ್ತದಲ್ಲ, ಅದನ್ನು ಯೋಚಿಸಿ ಮಾಡಿದವರಿಗೆ ಶಹಬ್ಬಾಸ್ ಎನ್ನಬೇಕು. ಮನಸ್ಸಿನಲ್ಲೇ ನಾಲ್ಕು ಸ್ಟಾರ್ ಕೊಟ್ಟುಬಿಟ್ಟಿದ್ದೆ.

ಶನಿವಾರ ಬೆಳಿಗ್ಗೆ ನಮ್ಮ ಚಿಕ್ಕಪ್ಪ ಕರಿಯಪ್ಪನವರು ಬಂದರು. ಹೊಸದುರ್ಗ ತಾಲ್ಲೂಕು, ಬಾಗೂರಿನ ಆಚೆ ಅವರ ಊರು. ಜೊತೆಗೆ ಚಿಕ್ಕಮ್ಮ, ಬಾಣಂತನಕ್ಕೆ ಬಂದಿದ್ದ ಮಗಳು ರೂಪ, ಅವಳ ಕೂಸು. ದುರ್ಗದ ಡಾಕ್ಟರಿಗೆ ಕೂಸನ್ನು ತೋರಿಸಿಕೊಂಡು, ನಮ್ಮಲ್ಲಿ ಊಟ ಮಾಡಿ, ಸಂಜೆ ಬಸ್ಸಿಗೆ ಹೋಗುವ ಲೆಕ್ಕ.

ಚಿಕ್ಕಪ್ಪ ನಲವತ್ತು ವರ್ಷ ಕುರಿ ಕಾದವರು. ಸಜ್ಜೆ ತೆನೆಗೆ ಬಂದಾಗ ಹೊಲದಲ್ಲಿ ಹಕ್ಕಿಯನ್ನೂ ಕಾದವರು. ಎರಡಕ್ಕೂ ಒಂದೇ ಆಯುಧ, ಕವಣೆ. ದಾರಿ ತಪ್ಪಿದ ಕುರಿಯನ್ನು ತಿರುಗಿಸಲು ಅದರ ಮೂತಿಯ ಮುಂದೆ ಕಲ್ಲು ಬೀಳಿಸುತ್ತಾರೆ. ಕುರಿಗೆ ತಾಗಬಾರದು. ಒಂದು ಸಲವೂ ತಾಗಿಸಿಲ್ಲ ಎಂಬುದು ಅವರ ಹೆಮ್ಮೆ.

ಊಟವಾದ ಮೇಲೆ ನಾನು ಆಟ ಹಾಕಿದೆ. ಪರದೆಯ ಮೇಲೆ ಹುಡುಗಿ ಕವಣೆ ತಿರುಗಿಸಿದ್ದೇ ಚಿಕ್ಕಪ್ಪ ಕುರ್ಚಿಯಿಂದ ಎದ್ದರು.

"ಏ, ಹಿಂಗಲ್ಲ ಕಣವ್ವ ತಿರುಗಿಸಾದು! ಇವಳು ಸೀರೆ ಒಣ ಹಾಕ್ತಾಳೇನು? ಕೊಡು ಇತ್ಲಾಗೆ."

"ಅರವತ್ತೈದಾತು, ಇನ್ನೂ ಹಕ್ಕಿ ಕಾಯಾದು ಬಿಟ್ಟಿಲ್ಲ ಈವಪ್ಪ" ಎಂದರು ಚಿಕ್ಕಮ್ಮ. ರೂಪ ನಕ್ಕಳು. ಅವಳು ಟಿವಿಯ ಬಲಗಡೆ ಗೋಡೆಗೆ ಒರಗಿ, ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು.

ಅವರಿಗಾಗಿ ಆ ಹಂತವನ್ನು ಹೊಸದಾಗಿ ಹಾಕಿದೆ. ಹಾಗೆ ಶುರುವಾಗುವಾಗಲೆಲ್ಲ ಒಂದು ಎಚ್ಚರಿಕೆ ಬರುತ್ತದೆ. ಇಂಗ್ಲಿಷಿನಲ್ಲಿ, ಪರದೆ ತುಂಬ. ನಾನು ಮೂರು ದಿನವೂ ಅದನ್ನು ಓದದೆ ಬಟನ್ ಒತ್ತಿ ದಾಟಿಸಿದ್ದೆ. ಯಾರು ಓದುತ್ತಾರೆ?

"ಅದೇನೋ ಬರೆದೈತಲ್ಲವ್ವ, ಏನದು?" ಎಂದರು ಚಿಕ್ಕಪ್ಪ.

"ಏನಿಲ್ಲ ಚಿಕ್ಕಪ್ಪ, ಸುಮ್ನೆ."

ಒತ್ತಿದೆ. ಹೋಯಿತು.

ಕಂಟ್ರೋಲರನ್ನು ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದರ ಕುಣಿಕೆ ಎಲ್ಲೈತೆ?"

"ಯಾವ ಕುಣಿಕೆ?"

"ಬೆರಳಿಗೆ ಹಾಕ್ಕಳಾದು. ಕವಣೆದು ಒಂದು ತುದಿ ಕುಣಿಕೆ ಹಾಕ್ಕಂಡು ಕೈಯಾಗೇ ಇರಬೇಕು, ಇನ್ನೊಂದು ತುದಿ ಬಿಡಬೇಕು. ಎಲ್ಡೂ ಬಿಟ್ರೆ ಕಲ್ಲಿನ ಜೊತಿಗೆ ಕವಣೇನೂ ಹೋಗ್ತೈತೆ."

"ಇದಕ್ಕೆ ಅದೆಲ್ಲ ಬೇಡ ಚಿಕ್ಕಪ್ಪ. ಟಿವಿ ಆಟ ಇದು."

ಕಂಟ್ರೋಲರಿನ ಜೊತೆ ಒಂದು ದಾರ ಬಂದಿತ್ತು, ಮಣಿಕಟ್ಟಿಗೆ ಹಾಕಿಕೊಳ್ಳುವ ಕುಣಿಕೆಯ ದಾರ. ಡಬ್ಬಿಯಲ್ಲೇ ಇತ್ತು. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ.

ಚಿಕ್ಕಪ್ಪ ತಿರುಗಿಸಿದರು. ನೀವು ನೋಡಬೇಕಿತ್ತು! ಮೂರು ತಲೆಯ ಹಕ್ಕಿಗಳು ಒಂದರ ಹಿಂದೊಂದು ಉದುರಿದವು. ನನಗೆ ಮೂರು ದಿನದಲ್ಲಿ ಆಗದ ಹಂತವನ್ನು ಅವರು ಐದು ನಿಮಿಷದಲ್ಲಿ ದಾಟಿದರು. ಕೈ ಮುಚ್ಚಿಕೊಂಡೇ ಝಾಡಿಸಬೇಕು ಎಂದು ನಾನು ಹೇಳಿಕೊಟ್ಟಿದ್ದೆ, ಹಾಗೇ ಮಾಡುತ್ತಿದ್ದರು. ಚಿಕ್ಕಮ್ಮ ಬಾಯಿ ಮೇಲೆ ಸೆರಗಿಟ್ಟು ನಗುತ್ತಿದ್ದರು.

ಆಮೇಲೆ ದೊಡ್ಡ ಹಕ್ಕಿ ಬಂತು. ಪರದೆಯ ಎಡದಿಂದ ಹಾರಿ ಬಲಕ್ಕೆ ಸರ್ರನೆ ಹೋಗಿ, ಅಂಚಿನಲ್ಲಿ ಮಾಯವಾಯಿತು.

ಹಕ್ಕಿ ಕಾದವರಿಗೆ ಒಂದು ವಿಷಯ ಗೊತ್ತು. ಕಲ್ಲನ್ನು ಹಕ್ಕಿ ಇರುವಲ್ಲಿಗೆ ಹೊಡೆಯುವುದಿಲ್ಲ, ಹೋಗುತ್ತಿರುವಲ್ಲಿಗೆ ಹೊಡೆಯುತ್ತಾರೆ. ಪರದೆ ಮುಗಿದ ಕಡೆ ಹಕ್ಕಿಯೂ ಮುಗಿಯಿತು ಎಂಬುದು ನಮ್ಮಂಥವರ ತಿಳಿವಳಿಕೆ. ಚಿಕ್ಕಪ್ಪನ ಸೊಂಟ ಬಲಕ್ಕೆ ತಿರುಗಿತು. ಕೈ ತಲೆಯ ಮೇಲೆ ಒಂದು ಸುತ್ತು ಬಂತು. ಬೆರಳು ಬಿಚ್ಚಿದವು.

ಹಿಡಿದದ್ದನ್ನು ಬಿಡುವುದೇ ಕವಣೆಯ ವಿದ್ಯೆ. ನಲವತ್ತು ವರ್ಷ ಹಾಗೆ ಬಿಟ್ಟ ಕೈಗೆ, ಐದು ನಿಮಿಷದಲ್ಲಿ ನಾನು ಹೇಳಿಕೊಟ್ಟ ಪಾಠ ನೆನಪಿರುತ್ತದೆಯೇ?

ಠಪ್ ಎಂದಿತು. ಗಾರೆಯ ಚಕ್ಕೆಗಳು ರೂಪಳ ತಲೆ ಮೇಲೆ ಉದುರಿದವು. ಕಂಟ್ರೋಲರ್ ಎರಡು ಹೋಳಾಗಿ, ಬ್ಯಾಟರಿ ಉರುಳುತ್ತ ಬಂದು ನನ್ನ ಕಾಲ ಬಳಿ ನಿಂತಿತು. ಕೂಸು ಅಳಲಿಲ್ಲ. ಕೆನ್ನೆ ಮೇಲೆ ಬಿಳಿ ಪುಡಿ ಹೊತ್ತುಕೊಂಡು ಕಣ್ಣರಳಿಸಿ ನೋಡುತ್ತಿತ್ತು. ನಾವೆಲ್ಲ ಕಿರುಚಿದ ಮೇಲೆಯೇ ಅದು ಅತ್ತದ್ದು.

"ನಿನ್ನ ಕೈ ಸೇದಿಹೋಗ!" ಎಂದರು ಚಿಕ್ಕಮ್ಮ.

ಚಿಕ್ಕಪ್ಪ ತಮ್ಮ ಬಲಗೈಯನ್ನು ನೋಡಿಕೊಂಡರು. ಹೊರಗೆ ಹೋಗಿ ಬಸ್ಸಿನ ಹೊತ್ತಾಗುವ ತನಕ ಮೆಟ್ಟಿಲ ಮೇಲೆ ಕೂತರು. ಒಳಗೆ ಪರದೆಯ ಮೇಲೆ ಆಟ ಕೇಳುತ್ತಿತ್ತು, ಮತ್ತೊಮ್ಮೆ ಪ್ರಯತ್ನಿಸುವಿರಾ?

ನಾನು ಟಿವಿ ಆರಿಸಿದೆ. ಎಚ್ಚರಿಕೆಯ ವಿಷಯ ಬಾಯಿ ಬಿಡಲಿಲ್ಲ. ದಾರದ ವಿಷಯವನ್ನೂ. ಅವರೆಲ್ಲ ಹೋದ ಮೇಲೆ ಕಂಟ್ರೋಲರಿನ ಹೋಳುಗಳನ್ನು ಹೇಗೋ ಜೋಡಿಸಿ ಆಟ ಮತ್ತೆ ಹಾಕಿ, ಮೊದಲ ಸಲ ಆ ಪರದೆ ಓದಿದೆ. ನಾಲ್ಕೇ ಸಾಲು. ದಾರವನ್ನು ಮಣಿಕಟ್ಟಿಗೆ ಬಿಗಿಯಾಗಿ ಹಾಕಿಕೊಳ್ಳಿ. ಕಂಟ್ರೋಲರನ್ನು ಯಾವ ಕಾರಣಕ್ಕೂ ಕೈಬಿಡಬೇಡಿ. ಸುತ್ತ ಜನರಿಲ್ಲದಂತೆ ನೋಡಿಕೊಳ್ಳಿ. ಮುಖ್ಯವಾಗಿ ಮಕ್ಕಳು.

ಸೋಮವಾರ ರೂಪ ಫೋನ್ ಮಾಡಿದಳು. "ಅಕ್ಕಾ, ಅಪ್ಪ ಕೂಸು ಮುಟ್ತಾನೇ ಇಲ್ಲ. ದಿನಾ ಬೆಳಗಾದ್ರೆ ಎತ್ಕಂಡು ಕುರಿ ತೋರಿಸಾಕೆ ಹೋಗ್ತಿದ್ದ. ಈಗ ಕೊಡಾಕೆ ಹೋದ್ರೆ ಕೈ ಹಿಂದಕ್ಕೆ ಕಟ್ಕಂತಾನೆ. ಈ ಕೈ ಸರಿ ಇಲ್ಲ, ಬ್ಯಾಡ ಅಂತಾನೆ. ಭಾನುವಾರ ಹೊಳಲ್ಕೆರೆಯಿಂದ ನಮ್ಮ ಅತ್ತೆ ಮನೆಯೋರು ಕರ್ಕಂಡೋಗಾಕೆ ಬರ್ತಾರೆ. ಹಿಂಗೇ ಕಳಿಸ್ತಾನೇನೋ."

ಆಮೇಲಿನ ಮೂರು ರಾತ್ರಿ ನನಗೆ ನೆನಪಾದದ್ದು ನನ್ನದೇ ಒಂದು ಮಾತು. ಏನಿಲ್ಲ.

ಔಷಧಿ ಅಂಗಡಿಯಲ್ಲಿ ಯಾರೋ ಅಜ್ಜಿ ಮಾತ್ರೆಯ ಹಾಳೆ ತೋರಿಸಿ ಏನು ಬರೆದಿದೆ ಎಂದು ಕೇಳುತ್ತಾಳೆ. ಏನಿಲ್ಲಜ್ಜಿ, ಊಟ ಆದ್ಮೇಲೆ ತಗೊಳ್ಳಿ. ಹೊಲದ ಹುಳಕ್ಕೆ ಹೊಡೆಯುವ ಎಣ್ಣೆಯ ಡಬ್ಬಿ ಹಿಡಿದು ಅಪ್ಪ ಕೇಳುತ್ತಾರೆ. ಏನಿಲ್ಲಪ್ಪ, ಕಂಪನಿ ಹೆಸರು. ಮೊಬೈಲಿನಲ್ಲಿ ಉದ್ದನೆಯದೇನೋ ಬಂದಿದೆ ಎಂದು ಅಮ್ಮ ತೋರಿಸುತ್ತಾರೆ. ಏನಿಲ್ಲಮ್ಮ, ಓಕೆ ಒತ್ತು. ಪದವಿ ಪಡೆದ ನಾವು ಇಂಗ್ಲಿಷಿನಿಂದ ಕನ್ನಡಕ್ಕೆ ಅತಿ ಹೆಚ್ಚು ಸಲ ಮಾಡಿರುವ ಅನುವಾದ ಇದೇ ಇರಬೇಕು.

ಅಂದು ನಮ್ಮ ಹಾಲ್‌ನಲ್ಲಿ ಆ ನಾಲ್ಕು ಸಾಲು ಓದಿ ಹೇಳಬೇಕಿದ್ದವಳು ನಾನು. ಓದದೆಯೇ ಅದರಲ್ಲಿ ಇದ್ದದ್ದನ್ನು ಕೇಳಿದವರು ಚಿಕ್ಕಪ್ಪ.

ಗುರುವಾರ ಹೊಸದುರ್ಗದ ಬಸ್ಸು ಹತ್ತಿದೆ. ಚಿಕ್ಕಪ್ಪ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ರೂಪ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ನಾನು ಬ್ಯಾಗಿನಿಂದ ಆ ದಾರವನ್ನು ತೆಗೆದು, ಕವರ್ ಸಮೇತ ಅವರ ಮುಂದಿಟ್ಟೆ. ನಾಲ್ಕು ಸಾಲನ್ನೂ ಕನ್ನಡದಲ್ಲಿ ಹೇಳಿದೆ.

ಹೊಸೆಯುವ ಕೈ ನಿಂತಿತು.

"ನಾನು ಕೇಳಿದ್ನಲ್ಲ?"

"ಕೇಳಿದ್ರಿ."

"ಏನಿಲ್ಲ ಅಂದೆ."

"ಅಂದೆ ಚಿಕ್ಕಪ್ಪ."

"ಕುಣಿಕೇನೂ ಕೇಳಿದ್ನಲ್ಲ?"

ನಾನು ತಲೆಯಾಡಿಸಿದೆ. ಅವರು ಆ ಕವರನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಐದು ದಿನ ಆತವ್ವ, ಈ ಕೈ ನೋಡ್ಕಂತ ಕುಂತಿದೀನಿ. ವಯಸ್ಸಾತು, ಕೈ ನಮ್ಮ ಮಾತು ಕೇಳಲ್ಲ, ಇನ್ನು ಕೂಸು ಕುರಿ ಯಾವುದೂ ಮುಟ್ಟಬಾರದು ಅಂತ. ಒಂದು ಫೋನ್ ಮಾಡಾಕಾಗ್ಲಿಲ್ವ ನಿಂಗೆ?"

ನಾನು ಜಗಲಿಯ ಅಂಚಿಗೆ ಕೂತೆ.

ಒಳಗಿನಿಂದ ಚಿಕ್ಕಮ್ಮ, "ಬಂದು ಒಪ್ಪಿಕಂಡ್ಲಲ್ಲ, ಇನ್ನೇನು ಪಂಚಾಯ್ತಿ ಸೇರಿಸ್ತೀಯಾ? ಅವತ್ತು ನಾನೂ ಬಾಯಿಗೆ ಬಂದಂಗೆ ಅಂದೆ. ಕೂಸು ತಗ ಮೊದ್ಲು" ಎಂದರು. ದನಿ ಜೋರಾಗಿತ್ತು, ಆದರೆ ಹೊರಗೆ ಬರಲಿಲ್ಲ.

ಚಿಕ್ಕಪ್ಪ ಕವರನ್ನು ಹಲ್ಲಿನಿಂದ ಹರಿದರು. ದಾರವನ್ನು ಜಗ್ಗಿ ನೋಡಿದರು. "ಗಟ್ಟಿ ಐತೆ" ಎಂದು ಬಲಗೈಯನ್ನು ನನ್ನ ಮುಂದೆ ಚಾಚಿದರು.

"ಹಾಕವ್ವ. ಆಮ್ಯಾಕೆ ಕೂಸು ಕೊಡ್ರಿ."

ಮಣಿಕಟ್ಟಿಗೆ ಕುಣಿಕೆ ಬಿಗಿದೆ. ರೂಪ ಕೂಸನ್ನು ಅವರ ತೋಳಿಗಿಟ್ಟಳು. ಅದು ಜೋತಾಡುತ್ತಿದ್ದ ದಾರದ ತುದಿಯನ್ನು ಹಿಡಿದು ನೇರ ಬಾಯಿಗೆ ಹಾಕಿಕೊಂಡಿತು. ಚಿಕ್ಕಪ್ಪ ಕುರಿಗಳ ಕಡೆ ನಡೆದರು.

ಸ್ಟಾರ್ ಎಷ್ಟು ಎಂದು ಸಂಪಾದಕರು ಮತ್ತೆ ಕೇಳಿದ್ದಾರೆ. ಆಟಕ್ಕೆ ನಾಲ್ಕು, ಓದಲು ಬಂದೂ ಓದಿ ಹೇಳದವಳಿಗೆ ಎಷ್ಟು ಹಾಕಲಿ?