ಕಣಕ್ಕಿಳಿಯದ ಕಾಲು

ಅವ್ವನ ಕಾಲಿನ ಹೆಬ್ಬೆರಳಿನ ಬುಡಕ್ಕೆ ತೊಗರಿ ಕೂಳೆ ಚುಚ್ಚಿದ್ದು ಶಹಾಪುರದ ಹತ್ತಿರದ ನಮ್ಮ ಹೊಲದಲ್ಲಿ, ರಾಶಿಯ ದಿನ. ನಮ್ಮಲ್ಲಿ ಬದುವಿನಲ್ಲೇ ಚಪ್ಪಲಿ ಬಿಟ್ಟು ಕಣಕ್ಕೆ ಹೋಗುತ್ತಾರೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿತ್ತು, ಚುಚ್ಚಿದ್ದು ಅವಳಿಗೆ ತಿಳಿಯಲೇ ಇಲ್ಲ. ರಕ್ತವನ್ನು ಮೊದಲು ಕಂಡವನು ನಾನೆಂದು ನನ್ನ ನೆನಪು. ನೀನು ಆ ದಿನ ಊರಲ್ಲೇ ಇರಲಿಲ್ಲ ಎನ್ನುತ್ತಾಳೆ ಅವಳು. ಇರಬಹುದು.

ಗಾಯ ಮಾಯಲಿಲ್ಲ. ಹೀಗೇ ಇದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದರು ಯಾದಗಿರಿಯ ಡಾಕ್ಟರು. ಅವ್ವ ಚಹಾಕ್ಕೆ ಸಕ್ಕರೆ ಬಿಟ್ಟಳು, ಗುಳಿಗೆ ತಪ್ಪಿಸಲಿಲ್ಲ. ರಕ್ತದ ಸಕ್ಕರೆ ಹತೋಟಿಗೆ ಬಂತು, ಗಾಯ ಮಾತ್ರ ಹಾಗೇ ಉಳಿಯಿತು.

"ಸಕ್ರಿ ಇಳದದ ಅಂತಿ. ಮತ್ತ ಇದಕ್ಕೇನ್ ಧಾಡಿ ಬಂದದ?" ಎಂದು ನನ್ನನ್ನು ಕೇಳಿದಳು, ಜೀವಶಾಸ್ತ್ರ ಓದಿದ ತಪ್ಪಿಗೆ.

ನನಗೆ ತಿಳಿದಷ್ಟು ಹೇಳಿದೆ. ಜೀವಕೋಶಗಳಲ್ಲಿ ವಂಶವಾಹಿಗಳು ಒಂದೇ ಇದ್ದರೂ, ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದು ಅವುಗಳಿಗೆ ಅಂಟಿದ ಸಣ್ಣ ರಾಸಾಯನಿಕ ಗುರುತುಗಳನ್ನೂ ಅವಲಂಬಿಸಿರುತ್ತದೆ. ಗಾಯವಾದಾಗ ಆ ಗುರುತುಗಳು ಬದಲಾಗುತ್ತವೆ. ಮೊದಲು ಊತ ಬಂದು, ಅದು ಇಳಿದು, ಆಮೇಲೆ ಹೊಸ ಚರ್ಮ ಹಬ್ಬಬೇಕು. ವರ್ಷಗಟ್ಟಲೆ ಸಕ್ಕರೆ ಏರಿದ್ದವರಲ್ಲಿ ಹಳೆಯ ಗುರುತುಗಳು ಅಳಿಯದೆ, ಊತ ಇಳಿಯದೆ ನಿಂತುಬಿಡಬಹುದು. ಇದರಲ್ಲಿ ಮನುಷ್ಯರ ಗಾಯದಲ್ಲಿ ಕಂಡದ್ದೆಷ್ಟು, ಇಲಿಗಳಲ್ಲಿ ಕಂಡದ್ದೆಷ್ಟು ಎಂಬುದು ನನಗೀಗ ಸರಿಯಾಗಿ ನೆನಪಿಲ್ಲ. ಅದನ್ನೂ ಹೇಳಿದೆ.

"ಅಂದ್ರ ನಾ ಸಕ್ರಿ ಬಿಟ್ಟೀನಿ, ತೊಗಲು ಇನ್ನಾ ಬಿಟ್ಟಿಲ್ಲ."

"ಹಂಗ ಅನ್ಕೋ. ಅದು ಬಿಡೋತನಕ ಬರಿಗಾಲಲೆ ತಿರಗಬ್ಯಾಡ."

"ಕಣಕ್ಕ?"

"ಕಣಕ್ಕೂ, ಯವ್ವಾ."

ಮದುವೆಯಾಗಿ ಬಂದಾಗಿನಿಂದ ರಾಶಿಗೆ ಕಾಯಿ ಒಡೆದವಳು ಅವಳೇ.

ಜೋಳದ ರಾಶಿಯ ದಿನ, ಸುರಪುರದಲ್ಲಿ ಕೊಂಡ ಮೆತ್ತನೆಯ ಚಪ್ಪಲಿ ಮೆಟ್ಟಿಕೊಂಡು ಬದುವಿನತನಕ ಬಂದಳು. ಬಿಚ್ಚಲು ಬಾಗಿದಳು. ಸ್ವಲ್ಪ ಹೊತ್ತು ಹಾಗೇ ಬಾಗಿದ್ದವಳು ನೆಟ್ಟಗಾಗಿ ತೆಂಗಿನಕಾಯಿಯನ್ನು ನನ್ನ ಕೈಗಿಟ್ಟಳು.

"ನೀ ದೇವ್ರನ್ನ ನಂಬೂದಿಲ್ಲ, ಖರೆ. ಕಾಲರೆ ನೆಟ್ಟಗದಾವ. ಹೋಗು."

ನಾನು ಬೂಟು ಬಿಚ್ಚಿ ಹೋದೆ. ಕಾಯಿ ಎರಡನೇ ಏಟಿಗೆ ಒಡೆಯಿತು. ಅವಳು ಬದುವಿನ ಮೇಲೆ ಕುಳಿತೇ ಕೈ ಮುಗಿದಳು.

ಬೇಸಿಗೆ ಮುಗಿಯುವ ಹೊತ್ತಿಗೆ ಡಾಕ್ಟರು ಪಟ್ಟಿ ಬಿಚ್ಚಿದಾಗ ಗಾಯದ ಅಂಚಿನಿಂದ ತೆಳ್ಳಗೆ ಹೊಸ ಚರ್ಮ ಹಬ್ಬಿತ್ತು. ಬೆರಳು ತೆಗೆಯುವುದು ಬೇಡ ಎಂದರು. ಗುಳಿಗೆಯೋ, ಚಪ್ಪಲಿಯೋ, ಗುರುತುಗಳು ಸಡಿಲಾದದ್ದೋ, ನಾನು ಹೇಳಲಾರೆ. ಅವ್ವ ಬಾಗಿ ಆ ಬೆರಳನ್ನು ಮುಟ್ಟಿ ನೋಡಿಕೊಂಡಳು. ಮುಟ್ಟಿದ್ದು ಬೆರಳಿಗೆ ತಿಳಿಯಲಿಲ್ಲವೆಂದು ಅವಳ ಮುಖವೇ ಹೇಳುತ್ತಿತ್ತು. ಆದರೂ ಇನ್ನೊಮ್ಮೆ ಮುಟ್ಟಿದಳು.