ಕಾಫಿ ಕುದಿಯದ ಮಹಾಸಭೆ

ಸ್ವೀಡನ್ನಿನಲ್ಲಿ ನನ್ನ ಮೊದಲ ಫುಟ್‌ಬಾಲ್ ಪಂದ್ಯ ಮುಗಿದಾಗ, ನಮ್ಮ ತಂಡದ ಹಳೆಯ ಗೋಲ್‌ಕೀಪರ್, ಈಗ ತರಬೇತಿ ಕೊಡುವ ಬಿರ್ಗಿಟ್ಟಾ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಹುಬ್ಬು ತಿದ್ದುವ ಚಿಮಟದಿಂದ ನನ್ನ ಮೊಣಕಾಲಿಗೆ ಹೊಕ್ಕಿದ್ದ ಜಲ್ಲಿಯನ್ನು ಕೀಳುತ್ತಿದ್ದರು. ಅರವತ್ತು ದಾಟಿದ, ಟ್ರಾಮ್ ಓಡಿಸಿ ನಿವೃತ್ತರಾಗುವುದರಲ್ಲಿದ್ದ ಹೆಂಗಸು. ನಾವು ಆಡಿದ್ದು ಜಲ್ಲಿಪುಡಿ ಹಾಸಿದ ಅಂಗಳದಲ್ಲಿ. ಬೇಲಿಯಾಚೆ ಕತ್ತರಿಸಿಟ್ಟಂತಿದ್ದ ಹುಲ್ಲಿನ ಮೈದಾನವೊಂದು ಖಾಲಿ ಬಿದ್ದಿತ್ತು.

“ಅದು ಯಾರಿಗೆ?” ಎಂದೆ, ನನ್ನ ಹರಕುಮುರುಕು ಸ್ವೀಡಿಷ್‌ನಲ್ಲಿ.

“ಗಂಡಸರಿಗೆ.”

“ಇವತ್ತು ಅವರ ಪಂದ್ಯ ಇದೆಯಾ?”

“ಇಲ್ಲ. ಹುಲ್ಲು ವಿಶ್ರಾಂತಿ ತಗೊಳ್ತಾ ಇದೆ. ಅಲುಗಾಡಬೇಡ.”

ಸಮಾನತೆಯ ವಿಷಯದಲ್ಲಿ ಜಗತ್ತಿಗೇ ಪಾಠ ಹೇಳುವ ದೇಶವೆಂದು ಓದಿ, ಸೆಮಿನಾರುಗಳಲ್ಲಿ ಉದಾಹರಿಸಿ, ಆ ನಂಬಿಕೆಯನ್ನೇ ಹೊತ್ತು ವಿಮಾನ ಹತ್ತಿದ್ದವಳು ನಾನು. ಇಲ್ಲಿ ಹುಲ್ಲಿಗೆ ವಿಶ್ರಾಂತಿಯಿತ್ತು, ಹೆಂಗಸರ ಮೊಣಕಾಲಿಗೆ ಇರಲಿಲ್ಲ.

ಮಂಗಳೂರಿನಲ್ಲಿ ಮಳೆಗಾಲವೆಂದರೆ ಫುಟ್‌ಬಾಲ್. ಕೆಸರು ಹಾರುವ ಮೈದಾನದ ಅಂಚಿನ ಕಟ್ಟೆಯ ಮೇಲೆ ಕೊಡೆ ಹಿಡಿದು ಕೂತು ನಾನು ಎಷ್ಟೋ ಪಂದ್ಯಗಳನ್ನು ನೋಡಿದ್ದೇನೆ. ಆಟ ಕಲಿತದ್ದು ಮನೆಯ ಹಿಂದೆ, ದೊಡ್ಡಪ್ಪನ ಮಕ್ಕಳೊಡನೆ. ಮೈದಾನಕ್ಕೆ ಮಾತ್ರ ಇಳಿಯಲಾಗಲಿಲ್ಲ. ಒಮ್ಮೆ ಕಟ್ಟೆಯ ಬಳಿಗೆ ಉರುಳಿ ಬಂದ ಚೆಂಡನ್ನು ನಾನು ಎದ್ದು ಒದ್ದಾಗ ಗೋಲ್‌ಕೀಪರ್ ಕೂಗಿದ್ದ: “ಏ ಮಾರಾಯ್ತಿ, ಕೈಯಲ್ಲಿ ಕೊಟ್ರೆ ಸಾಕು!” ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಈಗಲೂ ನನಗೆ ಒಗ್ಗಿಲ್ಲ.

ಇತಿಹಾಸದಲ್ಲಿ ಸ್ನಾತಕೋತ್ತರ ಪದವಿಗೆಂದು ಗೋಥೆನ್‌ಬರ್ಗಿಗೆ ಬಂದಾಗ ನನಗೆ ಸಿಕ್ಕಿದ್ದು ವಿದ್ಯಾರ್ಥಿನಿಲಯದ ಒಂದೇ ಕಾರಿಡಾರಿಗೆ ತೆರೆದುಕೊಳ್ಳುವ ಹತ್ತಾರು ಕೋಣೆಗಳಲ್ಲಿ ಒಂದು. ಅಡುಗೆಮನೆ ಎಲ್ಲರಿಗೂ ಸೇರಿದ್ದು, ಮಾತು ಯಾರಿಗೂ ಸೇರಿದ್ದಲ್ಲ. ನಮ್ಮಲ್ಲಿ ಒಗ್ಗರಣೆಯ ವಾಸನೆ ಬಂದರೆ ಪಕ್ಕದ ಮನೆಯವರು ಏನು ಅಡುಗೆ ಎಂದು ಕೇಳುತ್ತಾರೆ. ಇಲ್ಲಿ ಕಿಟಕಿ ತೆರೆದು, ಮುಗುಳ್ನಕ್ಕು ಹೊರಟುಬಿಡುತ್ತಾರೆ. ಪ್ರತಿಯೊಬ್ಬರಿಗೂ ಸರ್ಕಾರ ಕೊಡುವ ಪರ್ಸೂನ್‌ನುಮ್ಮರ್ ಎಂಬ ಗುರುತಿನ ಸಂಖ್ಯೆ ಬರುವವರೆಗೆ ಬ್ಯಾಂಕಿಗಾಗಲಿ ಗ್ರಂಥಾಲಯಕ್ಕಾಗಲಿ ನಾನು ಇದ್ದೂ ಇಲ್ಲದವಳು. ಅದನ್ನು ಕೇಳದೆ ನನ್ನನ್ನು ಒಳಗೆ ಬಿಟ್ಟುಕೊಂಡದ್ದು ಈ ಫುಟ್‌ಬಾಲ್ ತಂಡ ಮಾತ್ರ. ಬಿರ್ಗಿಟ್ಟಾ ಕೇಳಿದ್ದು ಎರಡೇ ಪ್ರಶ್ನೆ: ಶೂ ಅಳತೆ ಎಷ್ಟು, ಎಡಗಾಲಿನಲ್ಲಿ ಒದೆಯಲು ಬರುತ್ತದೆಯೆ. ಜ್ಯೋತಿಯೆಂಬ ನಾನು ಅವರ ಬಾಯಲ್ಲಿ ‘ಯೋತಿ’ಯಾದೆ, ಎಡಬದಿಯ ಮುಂಚೂಣಿಯಲ್ಲಿ ನಿಂತೆ.

ನಮ್ಮದು ನದಿಯಾಚೆಯ ಹೀಸಿಂಗೆನ್ ದ್ವೀಪದ ಹವ್ಯಾಸಿ ಲೀಗ್. ಇಂಥ ಕೆಳದರ್ಜೆಯ ಪಂದ್ಯಾವಳಿಯನ್ನು ಸ್ವೀಡಿಷರು ತಮಾಷೆಗೆ ‘ಯಾರ್ಡ್ಸ್‌ಗೋರ್ಡ್ಸ್‌ಸೇರಿ’ ಎನ್ನುತ್ತಾರೆ. ಹೊಲದ ಸುತ್ತಲಿನ ಮರದ ಬೇಲಿಯ ಹೆಸರು ಹೊತ್ತ ಲೀಗ್. ಅದನ್ನು ಕಟ್ಟಿದವರು ಹಡಗುಕಟ್ಟೆಯ ಕಾರ್ಮಿಕರು. ವೆಲ್ಡಿಂಗ್ ಮಾಡುವವರದು ಒಂದು ತಂಡ, ಬಣ್ಣ ಬಳಿಯುವವರದು ಇನ್ನೊಂದು. ಹಡಗುಕಟ್ಟೆಗಳು ಮುಚ್ಚಿದರೂ ಲೀಗ್ ಮುಚ್ಚಲಿಲ್ಲ. ಟೋರ್ಸ್‌ಲಾಂಡದ ಕಾರು ಕಾರ್ಖಾನೆಗೆ ದುಡಿಯಲು ಬಂದ ಫಿನ್‌ಲೆಂಡಿನವರು, ಯುಗೊಸ್ಲಾವಿಯಾದವರು, ಅವರ ನಂತರ ಇರಾನಿನವರು, ಸೊಮಾಲಿಯಾದವರು ಒಬ್ಬರ ಜರ್ಸಿ ಇನ್ನೊಬ್ಬರು ತೊಟ್ಟುಕೊಂಡಂತೆ ಅದನ್ನು ಮುಂದುವರಿಸಿದರು. ಹಡಗುಗಳನ್ನು ನೀರಿಗಿಳಿಸುತ್ತಿದ್ದ ಲಿಂಡ್‌ಹೋಲ್ಮೆನ್‌ನಲ್ಲಿ ಈಗ ಗಾಜಿನ ಕಚೇರಿಗಳಿವೆ. ಅವುಗಳಲ್ಲೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಬೆಂಗಳೂರಿನ ವಿದ್ಯಕ್ಕ ನಮ್ಮ ತಂಡದ ರಕ್ಷಣಾ ಆಟಗಾರ್ತಿ. ಕನ್ನಡಿಗರ ಯುಗಾದಿ ಊಟದಲ್ಲಿ ಪರಿಚಯವಾದ ಅವರನ್ನು ನಾನೇ ಎಳೆತಂದಿದ್ದೆ. ನಾವಿಬ್ಬರೂ ಆಟದ ನಡುವೆ ಮೈಮರೆತು “ಕೊಡೇ! ಕೊಡೇ!” ಎಂದು ಕಿರುಚುತ್ತಿದ್ದೆವು.

ಲೀಗಿನಲ್ಲಿ ಮಹಿಳೆಯರ ವಿಭಾಗ ಶುರುವಾದದ್ದು ಎಪ್ಪತ್ತರ ದಶಕದಲ್ಲಿ. ಮೊದಲ ಪಂದ್ಯದಲ್ಲಿ ಗೋಲು ಕಾದವರು ಬಿರ್ಗಿಟ್ಟಾ. ಆಗಲೂ ಜಲ್ಲಿಯೇ.

ಪ್ರತಿ ಚಳಿಗಾಲದ ಕೊನೆಗೆ ಲೀಗಿನ ವಾರ್ಷಿಕ ಮಹಾಸಭೆ. ಹೆಸರು ನೋಂದಾಯಿಸಿ ಶುಲ್ಕ ಕಟ್ಟಿದ ಆಟಗಾರರು, ಹಳೆಯ ಆಟಗಾರರು ಎಲ್ಲರೂ ಸದಸ್ಯರು, ಸದಸ್ಯರೆಲ್ಲರಿಗೂ ಒಂದೊಂದು ಮತ. ಮೊದಲ ವರ್ಷ ನಾನು ನಮ್ಮ ವಿದ್ಯಾರ್ಥಿ ಚಳವಳಿಗಳ ಹುರುಪಿನಲ್ಲೇ ಅಲ್ಲಿಗೆ ಹೋದೆ. ಕಾರ್ಯಸೂಚಿಯ ಎರಡನೆಯ ವಿಷಯದ ನಡುವೆಯೇ ಎದ್ದು ನಿಂತು, ಹುಲ್ಲು, ಜಲ್ಲಿ, ತಾರತಮ್ಯ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಗುಡುಗಿದೆ. ನಮ್ಮಲ್ಲಾಗಿದ್ದರೆ ಅರ್ಧ ಸಭೆ ಚಪ್ಪಾಳೆ ತಟ್ಟುತ್ತಿತ್ತು, ಅರ್ಧ ಸಭೆ ಕೂರಮ್ಮ ಎನ್ನುತ್ತಿತ್ತು. ಇಲ್ಲಿ ಎಲ್ಲರೂ ತಮ್ಮ ಬೂಟುಗಳನ್ನು ನೋಡಿಕೊಂಡರು. ಅಧ್ಯಕ್ಷ ಲೆನ್ನಾರ್ಟ್, ಹಡಗುಕಟ್ಟೆಯಲ್ಲಿ ಬದುಕು ಸವೆಸಿದ ಸೌಮ್ಯ ಮುದುಕ, ಕನ್ನಡಕ ಸರಿಪಡಿಸಿಕೊಂಡು ಹೇಳಿದರು: “ಧನ್ಯವಾದ, ಯೋತಿ. ನಾವೀಗ ಸಭೆಯ ಕಾರ್ಯದರ್ಶಿಯನ್ನು ಆರಿಸ್ತಾ ಇದ್ದೇವೆ. ಇದು ‘ಇತರೆ ವಿಷಯ’ದಲ್ಲಿ ಬರುತ್ತೆ.” ‘ಇತರೆ ವಿಷಯ’ದಲ್ಲಿ ಮಾತಾಡಬಹುದು, ನಿರ್ಣಯ ಮಾಡುವಂತಿಲ್ಲ. ಈ ದೇಶದಲ್ಲಿ ಸಿಟ್ಟಿಗೂ ಒಂದು ಕ್ರಮಸಂಖ್ಯೆ ಬೇಕು.

ಬೆಂಬಲ ಹುಡುಕುತ್ತ ಹಿಂದಿರುಗಿ ನೋಡಿದೆ. ಸಾಲುಸಾಲು ಗಂಡಸರು. ನಮ್ಮ ತಂಡದ ಹೆಂಗಸರು ಒಬ್ಬರೂ ಇರಲಿಲ್ಲ. ಅವರೆಲ್ಲ ಗೋಡೆಯಾಚೆಯ ಅಡುಗೆಮನೆಯಲ್ಲಿದ್ದರು. ಫೀಕಾ, ಅಂದರೆ ಕಾಫಿ ಮತ್ತು ಬನ್ನಿನ ವಿರಾಮ, ಸ್ವೀಡನ್ನಿನಲ್ಲಿ ಹೆಚ್ಚುಕಡಿಮೆ ಧರ್ಮಾಚರಣೆ. ಮಹಾಸಭೆಯ ಫೀಕಾ ಮಹಿಳಾ ತಂಡಗಳ ಪಾಲು. ಎಷ್ಟು ವರ್ಷದಿಂದ ಎಂದು ಕೇಳಿದರೆ ಯಾರಿಗೂ ನೆನಪಿಲ್ಲ. ನಿರ್ಣಯಗಳಿಗೆ ಸಭೆ “ಯಾ”, ಅಂದರೆ ಹೌದು, ಎಂದು ಗುನುಗುವ ಹೊತ್ತಿಗೆ ಅವರು ಬನ್ನುಗಳನ್ನು ತಟ್ಟೆಗೆ ಜೋಡಿಸುತ್ತಿರುತ್ತಾರೆ. ಯಾರೂ ಅವರ ಮತವನ್ನು ಕಸಿದುಕೊಂಡಿರಲಿಲ್ಲ. ಕೈಗೆ ಕಾಫಿ ಪಾತ್ರೆ ಕೊಟ್ಟಿದ್ದರು, ಅಷ್ಟೆ.

ಮರುವರ್ಷ ಲೀಗಿನ ಇತಿಹಾಸವನ್ನು ಪುಸ್ತಕವಾಗಿ ತರಲು ಆಡಳಿತ ಮಂಡಳಿ ಹೊರಟಿತು. ಇತಿಹಾಸದ ವಿದ್ಯಾರ್ಥಿನಿಯೆಂದು ಕರಡು ಓದಲು ನನ್ನನ್ನೂ ಕರೆದರು. ಹಡಗುಕಟ್ಟೆ, ಕಾರು ಕಾರ್ಖಾನೆ, ವಲಸೆ ಬಂದವರ ತಂಡಗಳು, ಮಂಜಿನಲ್ಲಿ ನಡೆದ ಫೈನಲ್ಲುಗಳು, ಎಲ್ಲವೂ ಇದ್ದವು. ಬಡವರ ಲೀಗೊಂದರ ಬಗ್ಗೆ ಇಷ್ಟು ಪ್ರೀತಿಯ ಬರಹವನ್ನು ನಾನು ಓದಿಯೇ ಇರಲಿಲ್ಲ. ಮಹಿಳೆಯರಿಗೆ ಮಾತ್ರ ಒಂದು ಚಿತ್ರ. ಅದರಲ್ಲಿ ಬಿರ್ಗಿಟ್ಟಾ ಮತ್ತು ಗೆಳತಿಯರು ನಗುತ್ತ ಕಾಫಿ ಸುರಿಯುತ್ತಿದ್ದರು. ಅದೇ ವಾರ ಮಹಾಸಭೆಯ ಕರೆಯೋಲೆಯೂ ಬಂತು. ಮಂಡಳಿಯ ಪ್ರಸ್ತಾವ: ತಂಡಗಳು ಕಡಿಮೆಯಾಗುತ್ತಿರುವುದರಿಂದ ಮುಂದಿನ ವರ್ಷದಿಂದ ಮಹಿಳಾ ವಿಭಾಗವನ್ನು ನಿಲ್ಲಿಸುವುದು.

ತಂಡಗಳು ಏಕೆ ಕಡಿಮೆಯಾದವು? ಜಲ್ಲಿಯ ಮೇಲೆ ಬೀಳಲು ಯಾರ ಮಗಳು ಬರುತ್ತಾಳೆ? ಆಡಿದವರನ್ನು ಇತಿಹಾಸದಿಂದ ಹೊರಗಿಟ್ಟರೆ, ಅವರ ಆಟವನ್ನು ನಿಲ್ಲಿಸಲು ಪ್ರಸ್ತಾವದ ಒಂದು ಸಾಲು ಸಾಕು. ಇದನ್ನು ನಾನು ವಿದ್ಯಕ್ಕನ ಮನೆಯಲ್ಲಿ, ಬಿಸಿಬೇಳೆಭಾತ್ ಮುಂದೆ ಕೂತು ಹೇಳುತ್ತಿದ್ದೆ. ಅವರ ಗಂಡ ರಮೇಶಣ್ಣ ತಲೆಯಾಡಿಸಿದರು.

“ನೋಡಮ್ಮಾ ಜ್ಯೋತಿ, ನಾವು ವರ್ಕ್ ಪರ್ಮಿಟ್ ಮೇಲೆ ಬಂದಿರೋರು. ಅವರೂರ ಜಗಳ ನಮಗ್ಯಾಕೆ? ಆಡು, ಎಂಜಾಯ್ ಮಾಡು, ಮನೆಗೆ ಬಾ.”

“ಆಡೋಕೇ ಬಿಡಲ್ವಂತೆ ರೀ ಅವರು,” ಎಂದರು ವಿದ್ಯಕ್ಕ.

“ನೀನೊಬ್ಬಳು. ನಿಂಗೇನು ವೋಟಿದ್ಯಾ ಅಲ್ಲಿ?”

“ಇದೆ ಅಣ್ಣ,” ಎಂದೆ. “ಸದಸ್ಯತ್ವ ಸಾಕು. ಪಾಸ್‌ಪೋರ್ಟ್ ಯಾವ ಬಣ್ಣ ಅಂತ ಯಾರೂ ಕೇಳೂದಿಲ್ಲ.”

ವಿದ್ಯಕ್ಕ ಸೌಟು ಕೆಳಗಿಟ್ಟರು. “ಬೆಂಗಳೂರಲ್ಲಿ ನಮ್ಮ ಅಪಾರ್ಟ್‌ಮೆಂಟ್ ಮೀಟಿಂಗಲ್ಲೂ ನಾನು ಒಳಗೆ ಕಾಫಿನೇ ಸೋಸ್ತಿದ್ದೆ ಕಣೇ. ಈ ಸಲ ಸೋಸಲ್ಲ.”

ಅಲ್ಲಿಂದಲೇ ಹುಟ್ಟಿತು ನಮ್ಮ ಉಪಾಯ. ಘೋಷಣೆಯಿಲ್ಲ, ಧರಣಿಯಿಲ್ಲ. ಸುಮ್ಮನೆ ಹೋಗಿ ಸಭಾಂಗಣದಲ್ಲಿ ಕೂರುವುದು. ಬಿರ್ಗಿಟ್ಟಾಗೆ ಹೇಳಿದೆ. “ಕಾಫಿ ಇಲ್ಲದೆ?” ಎಂದರು. ಜಲ್ಲಿಗೆ ಹೆದರದ ಹೆಂಗಸು, ಕಾಫಿಯಿಲ್ಲದ ಸಭೆಯನ್ನು ನೆನೆದು ಬಿಳಿಚಿಕೊಂಡಿದ್ದರು. “ಜನ ಏನಂದುಕೊಳ್ತಾರೆ, ಯೋತಿ?” ಈ ಮಾತು ಕೇಳಲು ನಾನು ಸಮುದ್ರ ದಾಟಿ ಬರಬೇಕಿರಲಿಲ್ಲ. ನಮ್ಮ ದೊಡ್ಡಮ್ಮ ಇದನ್ನೇ ಹೇಳುತ್ತಿದ್ದರು.

ಆ ಭಾನುವಾರ ಮಧ್ಯಾಹ್ನ ಗಂಡಸರು ಎಂದಿನಂತೆ ಬಂದು, ಎಂದಿನಂತೆ ಗಾಳಿಯನ್ನು ಮೂಸಿ, ಗಲಿಬಿಲಿಗೊಂಡರು. ಕಾಫಿಯ ವಾಸನೆಯಿಲ್ಲ. ಮೊದಲ ಎರಡು ಸಾಲು ಕುರ್ಚಿಗಳಲ್ಲಿ ಹೆಂಗಸರು. ಹಿಂದಿನ ದಶಕಗಳಲ್ಲಿ ಆಡಿ ಬಿಟ್ಟವರೂ ಸದಸ್ಯತ್ವ ನವೀಕರಿಸಿಕೊಂಡು ಬಂದಿದ್ದರು. ಬಿರ್ಗಿಟ್ಟಾ ಕೊನೆಗೆ ಬಂದರು, ಅಡುಗೆಮನೆಯ ಬಾಗಿಲ ಬಳಿ ಒಂದು ಕ್ಷಣ ತಡೆದರು, ಆಮೇಲೆ ನನ್ನ ಪಕ್ಕದಲ್ಲಿ ಕೂತು ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡರು.

ಸ್ವೀಡಿಷ್ ಸಂಘಗಳ ಒಂದು ಪದ್ಧತಿಯನ್ನು ನಾನು ನಮ್ಮೂರಿಗೆ ಹೊತ್ತು ತರಬಯಸುತ್ತೇನೆ. ಪ್ರತಿ ವರ್ಷವೂ ಸದಸ್ಯರು ಆಡಳಿತ ಮಂಡಳಿಯನ್ನು ಅದರ ಹೊಣೆಯಿಂದ ಮತ ಹಾಕಿ ಬಿಡುಗಡೆ ಮಾಡಬೇಕು. ‘ಅನ್‌ಸ್ವಾರ್ಸ್‌ಫ್ರಿಹೇಟ್’ ಎಂದು ಅದಕ್ಕೆ ಹೆಸರು. ಅಲ್ಲಿಯವರೆಗೆ ಅವರು ಉತ್ತರ ಕೊಡಬೇಕಾದವರು. ಸಾಮಾನ್ಯವಾಗಿ ಇದು ಆಕಳಿಕೆಯಷ್ಟು ಹೊತ್ತಿನ ಕೆಲಸ. ಈ ಬಾರಿ ಆ ವಿಷಯ ಬರುವವರೆಗೆ ಕಾದು, ಕೈಯೆತ್ತಿ, ಅನುಮತಿ ಪಡೆದು, ಮೆಲುದನಿಯಲ್ಲಿ ಕೇಳಿದೆ: “ಬಿಡುಗಡೆ ಮಾಡುವ ಮೊದಲು ಒಂದು ಪ್ರಶ್ನೆ. ಮಹಿಳಾ ವಿಭಾಗಕ್ಕೆ ಹುಲ್ಲಿನ ಮೈದಾನ ಕೊಡಬಾರದೆಂದು ನಿರ್ಧರಿಸಿದವರು ಯಾರು?”

ಲೆನ್ನಾರ್ಟ್ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. “ಯಾರೂ ನಿರ್ಧರಿಸಿಲ್ಲ,” ಎಂದರು ಪ್ರಾಮಾಣಿಕವಾಗಿ. “ಮೊದಲಿನಿಂದ ಹಾಗೇ ನಡೆದು ಬಂದಿದೆ.”

“ಹಾಗಿದ್ದರೆ ಆ ಉತ್ತರವನ್ನು ನಡಾವಳಿಯಲ್ಲಿ ಬರೆಯಿರಿ.”

ಬರೆದರು. ನಾವು ಬಿಡುಗಡೆಯನ್ನೂ ಕೊಟ್ಟೆವು. ನಮಗೆ ಬೇಕಿದ್ದದ್ದು ಅವರ ತಲೆಯಲ್ಲ, ನಮ್ಮ ಆಟ.

ನಂತರ ಬಂತು ಆ ಪ್ರಸ್ತಾವ. ವಿಭಾಗವನ್ನು ನಿಲ್ಲಿಸಲು ಸಭೆಗೆ ಒಪ್ಪಿಗೆಯೇ? ಹಿಂದಿನ ಸಾಲುಗಳಿಂದ “ಯಾ” ಎಂಬ ಗುನುಗು. ವಿರೋಧ? ಮುಂದಿನ ಸಾಲುಗಳಿಂದ “ನೇ”. ಲೆನ್ನಾರ್ಟ್ ಅಭ್ಯಾಸಬಲದಿಂದ ಅಧ್ಯಕ್ಷರ ಮರದ ಸುತ್ತಿಗೆಯನ್ನು ಮೇಲೆತ್ತಿದರು. “ಸಭೆ ಒಪ್ಪಿದೆ ಎಂದು...” ಸುತ್ತಿಗೆ ಮೇಜಿಗೆ ತಾಗಿದರೆ ಎಲ್ಲವೂ ಮುಗಿದಂತೆ.

“ವೋಟೇರಿಂಗ್!”

ಕೂಗಿದ್ದು ನಾನಲ್ಲ, ಬಿರ್ಗಿಟ್ಟಾ. ಯಾವ ಸದಸ್ಯರೇ ಆಗಲಿ ಈ ಒಂದು ಪದ ಹೇಳಿದರೆ ಮತಗಳನ್ನು ಕೈಯೆತ್ತಿಸಿ ಎಣಿಸಲೇಬೇಕು. ಗೋಲು ಕಾಯುವಾಗಿನ ಅದೇ ಗಂಟಲು. ಸುತ್ತಿಗೆ ಗಾಳಿಯಲ್ಲೇ ನಿಂತಿತು. ಲೀಗಿನ ನೆನಪಿನಲ್ಲಿ ಯಾರೂ ಎಣಿಕೆ ಕೇಳಿರಲಿಲ್ಲ. ಎಣಿಸುವವರನ್ನೇ ಅಲ್ಲಿ ಆರಿಸಬೇಕಾಯಿತು.

ಪ್ರಸ್ತಾವದ ಪರ ಕೈಗಳು ಎದ್ದವು. ಬೇಕಾದಷ್ಟಿದ್ದವು. ಆಮೇಲೆ ವಿರೋಧದ ಕೈಗಳು. ನಮ್ಮ ಸಾಲುಗಳೆಲ್ಲ ಎದ್ದವು. ಹಿಂದೆ ತಿರುಗಿದೆ. ಇರಾನಿ ತಂಡದ ಹುಡುಗರು ಪೂರಾ ಸಾಲು ಕೈಯೆತ್ತಿದ್ದರು. ಲೀಗಿಗೆ ಹೊಸತಾಗಿ ಬಂದಾಗ ತಾವೂ ಇದೇ ಜಲ್ಲಿಯಲ್ಲಿ ಮೊಣಕಾಲು ತರಚಿಕೊಂಡವರು. ಅವರ ಹಿಂದೆ, ಬಾಗಿಲ ಪಕ್ಕದಲ್ಲಿ, ಈ ಮಧ್ಯೆ ತಮ್ಮ ಕಚೇರಿಯ ತಂಡದ ಪರ ಲೀಗಿಗೆ ಹೆಸರು ನೋಂದಾಯಿಸಿದ್ದ ರಮೇಶಣ್ಣ, ಮುಜುಗರದಿಂದ ಅರ್ಧಕ್ಕೆ ಎತ್ತಿದ ಕೈ.

“ಪೂರ್ತಿ ಎತ್ರೀ!” ವಿದ್ಯಕ್ಕ ಕನ್ನಡದಲ್ಲಿ ಗದರಿದರು.

ಕೈ ಪೂರ್ತಿ ಎದ್ದಿತು.

ಪ್ರಸ್ತಾವ ಬಿತ್ತು. ಅದರ ಬೆನ್ನಿಗೇ, ನಾವು ಈ ಬಾರಿ ಮುಂಚಿತವಾಗಿ, ಕ್ರಮಸಂಖ್ಯೆ ಸಹಿತ ಸಲ್ಲಿಸಿದ್ದ ನಿರ್ಣಯವೂ ಗೆದ್ದಿತು: ಹುಲ್ಲಿನ ಮೈದಾನವನ್ನು ಎರಡೂ ವಿಭಾಗಗಳು ಸರದಿಯಂತೆ ಹಂಚಿಕೊಳ್ಳಬೇಕು, ಇತಿಹಾಸದ ಪುಸ್ತಕದಲ್ಲಿ ಮಹಿಳಾ ವಿಭಾಗದ ಅಧ್ಯಾಯವನ್ನು ಆಡಿದವರ ಬಾಯಿಂದಲೇ ಕೇಳಿ ಬರೆಯಬೇಕು. ಬರೆಯುವ ಹೊಣೆ ನನ್ನ ಪಾಲಿಗೆ ಬಂತು.

ಸಭೆ ಮುಗಿದರೂ ಯಾರೂ ಏಳಲಿಲ್ಲ. ಫೀಕಾ ಇಲ್ಲದೆ ಮನೆಗೆ ಹೋಗುವುದು ಸ್ವೀಡಿಷರಿಗೆ ಗೊತ್ತಿಲ್ಲ. ಕೊನೆಗೆ ಲೆನ್ನಾರ್ಟ್ ಎದ್ದು, ತೋಳು ಮಡಚಿ, ಅಡುಗೆಮನೆಗೆ ನಡೆದರು. ಒಳಗಿನಿಂದ ಪಾತ್ರೆಗಳು ಉರುಳುವ ಸದ್ದು, ಗಂಡಸರ ಪಿಸುಮಾತು, ಆಮೇಲೆ ಅವರ ದೀನ ಧ್ವನಿ: “ಬಿರ್ಗಿಟ್ಟಾ, ಫಿಲ್ಟರ್ ಎಲ್ಲಿಡ್ತೀರಿ?”

“ಹುಡುಕು, ಲೆನ್ನಾರ್ಟ್!” ಬಿರ್ಗಿಟ್ಟಾ ಕೂತಲ್ಲಿಂದಲೇ ಉತ್ತರಿಸಿದರು. “ಮೊದಲಿನಿಂದ ಒಂದೇ ಕಡೆ ಇದೆ.”

ಆ ಕಾಫಿ, ಪಾತ್ರೆ ತೊಳೆದ ನೀರಿನಂತಿತ್ತು. ನಾನು ಎರಡು ಲೋಟ ಕುಡಿದೆ.

ಜೂನ್‌ನಲ್ಲಿ ನಾವು ಹುಲ್ಲಿನ ಮೇಲೆ ಮೊದಲ ಪಂದ್ಯ ಆಡಿದೆವು. ಹೊಸದಾಗಿ ಎರಡು ತಂಡಗಳು ಸೇರಿದ್ದವು. ಆಟದ ನಡುವೆ ಮಳೆ ಬಂತು. ನೆನೆದ ಹುಲ್ಲಿನಲ್ಲಿ ಚೆಂಡು ಜಾರುವ ಸದ್ದು ಕೇಳಿದ್ದೇ ನನಗೆ ಕಟ್ಟೆ ನೆನಪಾಯಿತು, ಕೊಡೆ ನೆನಪಾಯಿತು. ಆ ಹೊತ್ತಿಗೆ ನಮ್ಮೂರ ಮೈದಾನದಲ್ಲೂ ಮಳೆಯಾಟ ಶುರುವಾಗಿರುತ್ತದೆ. ಅಲ್ಲಿ ಹುಡುಗಿಯರು ಕಟ್ಟೆಯ ಮೇಲಿರಬೇಕೆಂದು ನಿರ್ಧರಿಸಿದವರು ಯಾರು? ಈ ಪ್ರಶ್ನೆಯನ್ನು ನಾನು ಇಲ್ಲಿಂದಲೇ ನಿಮ್ಮ ಮುಂದಿಡುತ್ತಿದ್ದೇನೆ. ‘ಮೊದಲಿನಿಂದ ಹಾಗೇ ನಡೆದು ಬಂದಿದೆ’ ಎಂಬ ಉತ್ತರವನ್ನು ನಾನು ಈಗಾಗಲೇ ಕೇಳಿಯಾಗಿದೆ. ಅದಕ್ಕೆ ಹೊಣೆಯಿಂದ ಬಿಡುಗಡೆಯಿಲ್ಲ.

ಹೀಸಿಂಗೆನ್‌ನ ಲೀಗಿನ ಇತಿಹಾಸದಲ್ಲಿ ಈಗ ಒಬ್ಬಳು ಮಂಗಳೂರಿನವಳಿದ್ದಾಳೆ. ಮಂಗಳೂರಿನ ಮೈದಾನದ ನೆನಪಿನಲ್ಲಿ ಅವಳಿಲ್ಲ. ಎರಡು ಊರುಗಳ ಲೆಕ್ಕದಲ್ಲಿ ನಾನು ಹೀಗೆ ಅರ್ಧರ್ಧ ಉಳಿದಿದ್ದೇನೆ.

ಆ ಮಳೆಯಲ್ಲಿ ಚೆಂಡು ವಿದ್ಯಕ್ಕನ ಕಾಲಿಗೆ ಸಿಕ್ಕಿತು. ನಾನು ಎಡಬದಿಯಲ್ಲಿ ಖಾಲಿ ಜಾಗಕ್ಕೆ ಓಡಿದೆ. ಬಾಯಿ ತೆರೆಯುವ ಮೊದಲೇ, ಅಂಚಿನಲ್ಲಿ ಕೊಡೆ ಹಿಡಿದು ನಿಂತಿದ್ದ ಬಿರ್ಗಿಟ್ಟಾ ನಮ್ಮಿಬ್ಬರಿಂದ ಕಲಿತ ಏಕೈಕ ಕನ್ನಡ ಪದವನ್ನು ಇಡೀ ದ್ವೀಪಕ್ಕೆ ಕೇಳುವಂತೆ ಕೂಗಿದರು:

“ಕೊಡೇ!”

ವಿದ್ಯಕ್ಕ ಕೊಟ್ಟರು. ಕೈಯಲ್ಲಲ್ಲ, ಕಾಲಲ್ಲಿ.